ಹೆಡರ್ ಹಾಕಿದ ಮೇಲೆ ಕೆಟ್ಟಿದ್ದು ಮಿಶ್ರಣವಲ್ಲ, ರೀಡಿಂಗ್

ಗಾಡಿಗೆ 4-2-1 ಹೆಡರ್ (ನಾಲ್ಕು ಸಿಲಿಂಡರ್‌ಗಳ ಹೊಗೆಯನ್ನು ಎರಡಾಗಿ, ಆಮೇಲೆ ಒಂದಾಗಿ ಕೂಡಿಸುವ ಪೈಪುಗಳು), ಎರಡು ಇಂಚಿನ ಪೈಪು, ಫ್ರೀ-ಫ್ಲೋ ಸೈಲೆನ್ಸರ್ ಕೂರಿಸಿದ ದಿನದಿಂದ ವೈಡ್‌ಬ್ಯಾಂಡ್, ಅಂದರೆ ಹೊಗೆ ನೋಡಿ ಗಾಳಿ-ಪೆಟ್ರೋಲ್ ಅನುಪಾತ (ಎಎಫ್‌ಆರ್) ತೋರಿಸುವ ಮೀಟರ್, ಒಂದು ಕಡೆ ನಿಲ್ಲಲಿಲ್ಲ. ಅಂಕಿ ಏರಿದಷ್ಟೂ ಗಾಳಿ ಹೆಚ್ಚು (ಲೀನ್), ಇಳಿದಷ್ಟೂ ಪೆಟ್ರೋಲ್ ಹೆಚ್ಚು (ರಿಚ್). ಐಡಲ್‌ನಲ್ಲಿ 15ರಿಂದ 18ರವರೆಗೆ ಓಲಾಡುತ್ತಿತ್ತು. 2,500 ಆರ್‌ಪಿಎಂ ದಾಟಿದರೆ 15ರ ಆಸುಪಾಸು. ಪೂರ್ತಿ ಥ್ರಾಟಲ್ ಕೊಟ್ಟರೆ ಮಾತ್ರ 12.6ಕ್ಕೆ ಬಂದು ಅಲುಗದೆ ನಿಲ್ಲುತ್ತಿತ್ತು. ಮ್ಯಾಪ್ (ಎಷ್ಟು ಪೆಟ್ರೋಲ್ ಕೊಡಬೇಕೆಂದು ಎಂಜಿನ್ ಕಂಪ್ಯೂಟರ್ ಇಸಿಯುಗೆ ಹೇಳುವ ಕೋಷ್ಟಕ) ಸರಿಯಿಲ್ಲ, ಪೆಟ್ರೋಲ್ ಏರಿಸು ಅಂದವರೇ ಎಲ್ಲರೂ. ಮ್ಯಾಪ್ ಮುಟ್ಟದೆ ಐಡಲ್ ಸರಿಮಾಡುತ್ತೇನೆ ಅಂತ ನಾನು ಅಂದದ್ದನ್ನು ಯಾರೂ ನಂಬಲಿಲ್ಲ. ಈಗ ಅದೇ ಗಾಡಿ ಐಡಲ್‌ನಲ್ಲಿ 14.6–14.8ರೊಳಗೆ ನಿಲ್ಲುತ್ತದೆ.

ಮೊದಲು ಅವರ ಮಾತನ್ನೂ ಪರೀಕ್ಷಿಸಿದೆ. ಕ್ಲೋಸ್ಡ್ ಲೂಪ್ (ಸೆನ್ಸರ್ ನೋಡಿ ಇಸಿಯು ತಾನೇ ಪೆಟ್ರೋಲ್ ತಿದ್ದುವುದು) ಆಫ್ ಮಾಡಿ ಮ್ಯಾಪ್‌ನ ಐಡಲ್ ಸೆಲ್‌ಗಳಲ್ಲಿ ಸುಮಾರು 12% ಇಂಧನ ಹೆಚ್ಚಿಸಿದೆ. ಮೀಟರ್ ಆಗಲೂ 16.5 ತೋರಿಸಿತು. ಪ್ಲಗ್ ಬಿಚ್ಚಿದರೆ ತುದಿಯ ಮೇಲೆ ಒಣ ಕಪ್ಪು ಮಸಿ, ಬೆರಳಿಟ್ಟರೆ ಅಂಟಿಕೊಳ್ಳುವಷ್ಟು. ಸೈಲೆನ್ಸರ್ ಹಿಂದೆ ನಿಂತರೆ ಕಣ್ಣು ಉರಿ. ಪ್ಲಗ್ ರಿಚ್ ಅನ್ನುತ್ತಿದೆ, ಮೀಟರ್ ಲೀನ್ ಅನ್ನುತ್ತಿದೆ. ಈ ಎರಡು ಒಪ್ಪದಿದ್ದಾಗ ನಾನು ನಂಬುವುದು ಪ್ಲಗ್ಗನ್ನೇ. ಸೆನ್ಸರ್ ಅಳೆಯುವುದು ಪೆಟ್ರೋಲನ್ನಲ್ಲ, ಉಳಿದ ಆಮ್ಲಜನಕವನ್ನು. ಆ ಆಮ್ಲಜನಕ ಹೊರಗಿನಿಂದ ಬಂದರೂ ಅದಕ್ಕೆ ಲೀನ್ ಎಂದೇ ಲೆಕ್ಕ. ಮಿಸ್‌ಫೈರ್ ಆಗಿ ಮಿಶ್ರಣ ಹತ್ತದಿದ್ದರೂ ಹೀಗೇ: ಉರಿಯದ ಗಾಳಿ ಹಾಗೇ ಹೊರಬರುತ್ತದೆ, ಮಿಶ್ರಣ ಮೊದಲೇ ರಿಚ್ ಇದ್ದರೆ ನೀವು ಇಂಧನ ಏರಿಸಿದಷ್ಟೂ ಮಿಸ್‌ಫೈರ್ ಹೆಚ್ಚುತ್ತದೆ.

ಇಲ್ಲಿ ದುಡ್ಡು ಕಳೆದದ್ದು ಸೆನ್ಸರ್ ಮೇಲೆ. ಎರಡು ಹೊಸ ಬಾಷ್ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಸೆನ್ಸರ್ ಹಾಕಿದೆ, ಎರಡೂ ಹಳೆಯದರಂತೆಯೇ ತೋರಿಸಿದವು. ಎರಡರ ಬೆಲೆ ಸೇರಿದರೆ ಹೆಡರ್‌ನ ಅರ್ಧ ಬೆಲೆಯ ಹತ್ತಿರ. ಕೊನೆಗೆ ಕೆಲಸ ಮಾಡಿದ್ದು ಒಂದು ಗ್ಯಾಸ್ಕೆಟ್ ಮತ್ತು ಒಂದು ಗೇಣು ವೈರ್.

ಲೀಕ್ ಹುಡುಕಲು ಎಂಜಿನ್ ತಣ್ಣಗಿರಬೇಕು. ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬಾಯಿಯನ್ನು ಸೈಲೆನ್ಸರ್ ತುದಿಗೆ ಬಟ್ಟೆ ಸುತ್ತಿ ಸೇರಿಸಿದೆ. ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಸಿಂಪಡಿಸಿದೆ. ಹೆಡರ್ ಪೈಪುಗಳೆಲ್ಲ ಕೂಡುವ ಕಲೆಕ್ಟರ್ ಜಾಯಿಂಟ್ ಚೊಕ್ಕಟವಾಗಿತ್ತು. ಎಂಜಿನ್ ಹೆಡ್‌ಗೆ ಕೂರುವ ಹೆಡರ್‌ನ ಚಪ್ಪಟೆ ಪಟ್ಟಿಯಲ್ಲಿ, ಅಂದರೆ ಫ್ಲ್ಯಾಂಜ್‌ನಲ್ಲಿ, 2 ಮತ್ತು 3ನೇ ಪೋರ್ಟಿನ (ಹೊಗೆ ಹೊರಬರುವ ರಂಧ್ರ) ನಡುವೆ, ಕೆಳ ಅಂಚಿನಲ್ಲಿ, ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದವು. ಕಿವಿಗೆ ಟಿಕ್ ಟಿಕ್ ಸದ್ದೂ ಕೇಳಿರಲಿಲ್ಲ, ಹೊರಗೆ ಮಸಿಯೂ ಇರಲಿಲ್ಲ. ಐಡಲ್‌ನಲ್ಲಿ ಒಂದು ಪಲ್ಸ್ ಹೋಗಿ ಇನ್ನೊಂದು ಬರುವ ನಡುವೆ ಪೈಪಿನೊಳಗೆ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ, ಆಗ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಲೋಡ್ ಏರಿದಾಗ ಹೊಗೆ ಎಷ್ಟೋ ಪಟ್ಟು ಹೆಚ್ಚು, ಸೇರುವ ಗಾಳಿ ಲೆಕ್ಕಕ್ಕಿಲ್ಲ. ಪೂರ್ತಿ ಥ್ರಾಟಲ್‌ನಲ್ಲಿ 12.6 ಸರಿಯಾಗಿ ನಿಂತದ್ದು ಅದಕ್ಕೇ.

ಹೆಡರ್ ಬಿಚ್ಚಿ ಫ್ಲ್ಯಾಂಜ್ ಮೇಲೆ ನೇರ ಪಟ್ಟಿ ಇಟ್ಟರೆ 0.3 ಮಿ.ಮೀ. ಫೀಲರ್ ಗೇಜ್ ಸಲೀಸಾಗಿ ನುಗ್ಗಿತು, 0.1 ಕೂಡ ನುಗ್ಗಬಾರದು ಅನ್ನುವುದು ನನ್ನ ಲೆಕ್ಕ. ವೆಲ್ಡಿಂಗ್ ಬಿಸಿಗೆ ಬಾಗಿದೆ. ಮೇಲ್ಮೈ ಸಮ ಮಾಡಿಸಿ, ಬಹುಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕಿ, ಎಂ8 ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ ಎರಡು ಸುತ್ತಿನಲ್ಲಿ 22 ಎನ್‌ಎಂ ಆಸುಪಾಸು ಬಿಗಿದೆ. ಒಮ್ಮೆ ಚೆನ್ನಾಗಿ ಬಿಸಿಯಾಗಿ ಆರಿದ ಮೇಲೆ ಮತ್ತೆ ಬಿಗಿಯಲೇಬೇಕು. ಎರಡು ಬೋಲ್ಟ್ ಕಾಲು ಸುತ್ತು ತೆಗೆದುಕೊಂಡವು. ಹುಳಿ ವಾಸನೆಯ ಸಿಲಿಕೋನ್ ಸೀಲೆಂಟ್ ಹತ್ತಿರವೂ ಸುಳಿಯಬಾರದು, ಅದರ ಆವಿ ಸೆನ್ಸರನ್ನು ಕೆಡಿಸುತ್ತದೆ.

ಇಷ್ಟಾದ ಮೇಲೂ ಇಸಿಯು ಲಾಗ್‌ನಲ್ಲಿ ಐಡಲ್ 15.1, ಡ್ಯಾಶ್ ಮೇಲಿನ ಗೇಜ್‌ನಲ್ಲಿ 14.8; ಸೆನ್ಸರ್ ಹೀಟರ್ ಆನ್-ಆಫ್ ಆದಂತೆ ಲಾಗ್ ಜಿಗಿಯುತ್ತಿತ್ತು. ಇದು ಗ್ರೌಂಡ್ (ಅರ್ತ್) ದೋಷ. ವೈಡ್‌ಬ್ಯಾಂಡ್ ಕಂಟ್ರೋಲರ್ ಗ್ರೌಂಡ್ ಮತ್ತು ಇಸಿಯು ಸೆನ್ಸರ್ ಗ್ರೌಂಡ್ ನಡುವೆ ಮಲ್ಟಿಮೀಟರ್ ಹಿಡಿದರೆ 0.15 ವೋಲ್ಟ್. ನನ್ನ ಅನಲಾಗ್ ಔಟ್‌ಪುಟ್‌ನಲ್ಲಿ 0ದಿಂದ 5 ವೋಲ್ಟ್ ಅಂದರೆ 10ರಿಂದ 20 ಎಎಫ್‌ಆರ್, ಹಾಗಾಗಿ 0.15 ವೋಲ್ಟ್ ಎಂದರೆ 0.3 ಲೀನ್ ಸುಳ್ಳು. ಸಿಗ್ನಲ್ ಗ್ರೌಂಡ್ ನೇರ ಇಸಿಯು ಸೆನ್ಸರ್ ಗ್ರೌಂಡಿಗೆ, ಹೀಟರ್ ಗ್ರೌಂಡ್ ಬೇರೆಯಾಗಿ ಬ್ಲಾಕ್‌ಗೆ ಹಾಕಿದೆ. ಎರಡೂ ಅಂಕಿ ಒಂದಾದವು.

ಸೆನ್ಸರ್ ಜಾಗವನ್ನೂ ಬದಲಿಸಿದೆ. ಮೊದಲು ಅದು ಒಂದೇ ಪ್ರೈಮರಿಯಲ್ಲಿ (ಒಂದು ಸಿಲಿಂಡರ್‌ನ ಪೈಪಿನಲ್ಲಿ) ಪೋರ್ಟಿಗೆ ಹತ್ತಿರವಿತ್ತು: ಒಂದು ಸಿಲಿಂಡರ್‌ನ ಕಥೆ ಮಾತ್ರ ಹೇಳುತ್ತಿತ್ತು, ಬಿಸಿಯೂ ಅತಿ. ಈಗ ಕಲೆಕ್ಟರ್ ದಾಟಿ, ಪೋರ್ಟಿನಿಂದ ಸುಮಾರು 70 ಸೆಂ.ಮೀ. ದೂರದಲ್ಲಿ, ಮೇಲ್ಬದಿಗೆ ವಾಲಿದೆ. ಅಡ್ಡಕ್ಕಿಂತ 10 ಡಿಗ್ರಿಯಾದರೂ ಮೇಲಿರಬೇಕು, ಇಲ್ಲದಿದ್ದರೆ ತಣ್ಣನೆ ಪೈಪಿನ ನೀರ ಹನಿ ಬಿಸಿ ಸೆರಾಮಿಕ್ ಮೇಲೆ ಬಿದ್ದು ಸೀಳುತ್ತದೆ.

ಕುತೂಹಲಕ್ಕೆ ಸೈಲೆನ್ಸರ್ ತುದಿಗೆ ಒಂದು ಮೀಟರ್ ಪೈಪು ಸಿಕ್ಕಿಸಿ ನೋಡಿದೆ, ಹಿಂದಿನಿಂದ ಗಾಳಿ ಮರಳಿ ಬರುತ್ತಿದೆಯೇ ಎಂದು. ಈ ಗಾಡಿಯಲ್ಲಿ 0.1 ಕೂಡ ಬದಲಾಗಲಿಲ್ಲ. ಸೆನ್ಸರ್ ಆಚೆ ಪೈಪು ತೀರಾ ಚಿಕ್ಕದಿದ್ದ ಇನ್ನೊಂದು ಗಾಡಿಯಲ್ಲಿ ಇದೇ ಪೈಪು ಐಡಲನ್ನು 0.4ರಷ್ಟು ಇಳಿಸಿತ್ತು.

ಏರಿಸಿದ್ದ 12% ಪೂರ್ತಿ ವಾಪಸ್ ತೆಗೆದೆ; ಐಡಲ್ ಸೆಲ್‌ಗಳು ಹಳೆಯ ಅಂಕಿಗೇ ಬಂದವು. ಹೊಸ ಎಕ್ಸಾಸ್ಟ್ ನಿಜವಾಗಿ ಕೇಳಿದ್ದು 3,500ರಿಂದ 5,000 ಆರ್‌ಪಿಎಂ ನಡುವೆ, ಹೆಚ್ಚಿನ ಲೋಡ್‌ನಲ್ಲಿ, ನಾಲ್ಕೈದು ಶೇಕಡಾ ಇಂಧನ ಮಾತ್ರ.