ಹಳೆಯ ಡೀಸೆಲ್ ಕಾರು ನೋಡಲು ಬೆಳಿಗ್ಗೆ ಆರಕ್ಕೇ ಹೋಗಿ

ಬಳ್ಳಾರಿ ಕಡೆ ಡೀಸೆಲ್ ಗಾಡಿಗೆ ಇನ್ನೂ ಒಂದು ಮರ್ಯಾದೆ ಇದೆ. ‘ಪೆಟ್ರೋಲಾ? ಸಂತೆಗೆ ಹೋಗಿ ಬರೋಕೆ ಸಾಕು ಬಿಡ್ರಿ’ ಅನ್ನುವವರು ಈಗಲೂ ಸಿಗುತ್ತಾರೆ. ಅಂಥ ಮಾತು ಕೇಳಿಯೇ ನಾನು 2021ರಲ್ಲಿ 2012ರ ಮಾಡೆಲ್‌ನ ಡೀಸೆಲ್ ಕಾರು ತಂದೆ. ಮನೆಯಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್. ತಿಂಗಳಿಗೊಮ್ಮೆ ಹೊಸಪೇಟೆ. ಅಷ್ಟೇ ಓಡಾಟ. ಎಂಟನೇ ತಿಂಗಳಿಗೆ ಇಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೈಕೊಟ್ಟಿತು, ಜೊತೆಗೆ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ತುಂಬ ಮಸಿ. ಬಂಕಿನಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ ದುಡ್ಡು ಗ್ಯಾರೇಜಿಗೆ ಹೋಯಿತು. ಗಾಡಿಯನ್ನು ಬೈದು ಏನು ಪ್ರಯೋಜನ? ನಾನು ಲೆಕ್ಕವನ್ನೇ ಹಾಕಿರಲಿಲ್ಲ.

ಮೊದಲು ಆ ಲೆಕ್ಕ

ಒಂದು ಚೀಟಿ ತಗೊಳ್ಳಿ. ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂದು ಬರೆಯಿರಿ. ಆಸೆಯ ಲೆಕ್ಕ ಬೇಡ, ಕಳೆದ ಮೂರು ತಿಂಗಳು ನಿಜವಾಗಿ ಓಡಾಡಿದ್ದು ಬೇಕು. ಉದಾಹರಣೆಗೆ ಪೆಟ್ರೋಲ್ 104 ರೂಪಾಯಿ, ಡೀಸೆಲ್ 92 ಅಂತಿಟ್ಟುಕೊಳ್ಳೋಣ (ನಿಮ್ಮ ಬಂಕಿನ ದರ ಹಾಕಿಕೊಳ್ಳಿ). ಪೆಟ್ರೋಲ್ ಕಾರು ಲೀಟರಿಗೆ 16 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಆರೂವರೆ ರೂಪಾಯಿ. ಡೀಸೆಲ್ 20 ಕೊಟ್ಟರೆ 4 ರೂಪಾಯಿ 60 ಪೈಸೆ.

ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಡ್ಯೂಟಿಗೆ ಹೋಗಿ ಬರುವವರಿಗೆ ತಿಂಗಳಿಗೆ ಸುಮಾರು 1500 ಕಿ.ಮೀ. ಆಗುತ್ತದೆ. ಅವರಿಗೆ ತಿಂಗಳಿಗೆ 2,850 ರೂಪಾಯಿ ಉಳಿತಾಯ. ನನ್ನ ಹಾಗೆ 500 ಕಿ.ಮೀ. ಓಡಿಸುವವರಿಗೆ ಬರೀ 950. ಆ 950ನ್ನು ಎರಡು ವರ್ಷ ಕೂಡಿಟ್ಟರೂ ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಒಂದು ಹೋದರೆ ಸಾಲುವುದಿಲ್ಲ. ತಿಂಗಳಿಗೆ ಸಾವಿರ ಕಿ.ಮೀ. ದಾಟದವರು ಪೆಟ್ರೋಲ್ ನೋಡುವುದೇ ಒಳ್ಳೆಯದು ಅನ್ನುವುದು ನನ್ನ ಅನುಭವ. ಡೀಸೆಲ್‌ನ ಅಗ್ಗವೂ ಮೊದಲಿನಷ್ಟಿಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಲೀಟರಿಗೆ 2 ರೂಪಾಯಿ ಜಾಸ್ತಿ ಮಾಡಿತು.

ಹಾಗಂತ ಪೆಟ್ರೋಲ್ ಏನೂ ಸಾಚಾ ಅಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. 2023ಕ್ಕಿಂತ ಹಳೆಯ ಬಹಳಷ್ಟು ಕಾರುಗಳು ಅದಕ್ಕೆಂದು ತಯಾರಾದವಲ್ಲ. ಮೈಲೇಜ್ ಸ್ವಲ್ಪ ಬೀಳುತ್ತದೆ. ರಬ್ಬರ್ ಪೈಪುಗಳನ್ನು ಆಗಾಗ ನೋಡಿಕೊಳ್ಳಬೇಕು.

ಯಾವ ವರ್ಷದ್ದು?

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆಯ ಹೊಸ ನಿಯಮದ) ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಗಾಡಿ ಹೈವೇಯಲ್ಲಿ ಬಿಸಿಯಾಗಿ ಓಡಿದಾಗ ಅದರೊಳಗಿನ ಮಸಿ ತಾನೇ ಸುಟ್ಟುಹೋಗುತ್ತದೆ. ರಾಯಲ್ ಸರ್ಕಲ್‌ನಿಂದ ಕೌಲ್ ಬಜಾರ್‌ಗೆ ಮಾತ್ರ ಓಡಿಸಿದರೆ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಹಳೆಯ ಗಾಡಿಗಳಲ್ಲಿ ಸ್ವಿಫ್ಟ್, ಡಿಜೈರ್, ರಿಟ್ಜ್, ವಿಸ್ಟಾ ಕ್ವಾಡ್ರಾಜೆಟ್, ಪುಂಟೊ ಡೀಸೆಲ್ ಎಲ್ಲದಕ್ಕೂ ಬಂದದ್ದು ಒಂದೇ 1248 ಸಿಸಿಯ ಫಿಯೆಟ್ ಇಂಜಿನ್. 2020ರಲ್ಲಿ ಅದು ನಿಂತರೂ ಬಿಚ್ಚಿ ಕಟ್ಟಿದ ಮೆಕ್ಯಾನಿಕ್ ಊರೂರಲ್ಲಿದ್ದಾರೆ. ಹಳೆಯದೇ ಬೇಕೆಂದರೆ ಇಂಥದ್ದು ನೋಡಿ.

ಗಾಡಿ ನೋಡುವುದು

ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಬಾನೆಟ್ ಮುಟ್ಟಿ ನೋಡಿ ಎನ್ನುತ್ತಾರೆ. ಆದರೆ ನಮ್ಮ ಬಿಸಿಲಲ್ಲಿ ಹತ್ತು ಗಂಟೆಗೆ ನಿಂತ ಗಾಡಿಯ ಬಾನೆಟ್ ಮೇಲೂ ದೋಸೆ ಹೊಯ್ಯಬಹುದು! ಅದಕ್ಕೇ ಬೆಳಿಗ್ಗೆ ಆರಕ್ಕೆ, ಹೇಳದೆ ಕೇಳದೆ ಹೋಗಿ. ಹೋಗುವಷ್ಟರಲ್ಲಿ ‘ಸುಮ್ನೆ ಒಂದು ರೌಂಡ್ ಹಾಕ್ದೆ ಸರ್’ ಅಂದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.

ಸೆಲ್ಫ್ ಎರಡು ಮೂರು ಸೆಕೆಂಡಿಗೆ ಹಿಡಿಯಬೇಕು. ಒಬ್ಬರನ್ನು ಹಿಂದೆ ನಿಲ್ಲಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಕ್ಸಿಲೇಟರ್ ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಅಥವಾ ಗಾಳಿಯ ತೊಂದರೆ. ಬಿಳಿ ಹೊಗೆ ನಿಲ್ಲದೇ ಇದ್ದರೂ ಅನುಮಾನಪಡಿ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಕ್ಯಾಪ್ ಬಿಚ್ಚಿಸಿ. ಬುಸುಬುಸು ಎಂದು ಹೊಗೆ ಮೇಲೆ ಒದ್ದರೆ ಮೆಕ್ಯಾನಿಕ್‌ಗಳು ‘ಬ್ಯಾಕ್ ಕಂಪ್ರೆಷನ್’ ಅನ್ನುತ್ತಾರೆ. ಇಂಜಿನ್ ಬಿಚ್ಚಿ ಬೋರ್ ಮಾಡಿಸುವ ಖರ್ಚು ಹತ್ತಿರದಲ್ಲೇ ಇದೆ ಎಂದರ್ಥ. ಆಯಿಲ್ ಕಪ್ಪಗಿದೆ ಎಂದು ಮಾತ್ರ ಗಾಬರಿಯಾಗಬೇಡಿ, ಡೀಸೆಲ್‌ನಲ್ಲಿ ಅದು ಸಹಜ.

ಇನ್ನೊಂದು ನಮ್ಮ ಕಡೆಗೇ ಮೀಸಲಾದ ಪರೀಕ್ಷೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ. ಫಿಲ್ಟರಿನ ಹೊರಬದಿ ಕೆಂಪು ಧೂಳು ಇದ್ದೇ ಇರುತ್ತದೆ. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಓಡಿದ ಗಾಡಿ ಇನ್ನೇನಾಗುತ್ತೆ ಅಲ್ವಾ? ನೋಡಬೇಕಾದ್ದು ಫಿಲ್ಟರ್ ದಾಟಿದ ಮೇಲಿನ ಪೈಪ್. ಒಳಗೆ ಬೆರಳು ಹಾಕಿ ಸವರಿ. ಬೆರಳಿಗೆ ಕೆಂಪು ಪುಡಿ ಹತ್ತಿದರೆ ಅದೇ ಪುಡಿ ಟರ್ಬೊ ರೆಕ್ಕೆಗೂ ಸಿಲಿಂಡರಿಗೂ ಹೋಗಿದೆ. ಬೆಲೆ ಎಷ್ಟೇ ಇಳಿಸಲಿ, ನಾನಾದರೆ ಎದ್ದು ಬರುತ್ತೇನೆ.

ಓಡಿಸುವಾಗ ನಾಲ್ಕನೇ ಗೇರಿನಲ್ಲಿ ಆಕ್ಸಿಲೇಟರ್ ಒತ್ತಿ. ಇಂಜಿನ್ ಕಿರುಚಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಎಸಿ ಮಧ್ಯಾಹ್ನ ನೋಡಿ. ರಾಯಚೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಕಾರು ಒಲೆಯೇ.

ಕಾಗದ

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಅಂದರೆ 2012ರ ಗಾಡಿ 2027ರಲ್ಲಿ ಆರ್‌ಟಿಒ ಮುಂದೆ ನಿಲ್ಲಬೇಕು. ಈ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು, ಹಸಿರು ತೆರಿಗೆ ಬೇರೆ. ಆ ಖರ್ಚನ್ನು ಚೌಕಾಸಿಯಲ್ಲೇ ಕಳೆಯಿರಿ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕೆಎ 34, 36, 37 ಬಿಟ್ಟು ಡೆಲ್ಲಿ ನಂಬರಿನ ಗಾಡಿ ಅಗ್ಗಕ್ಕೆ ತೋರಿಸಿದರೆ ಹಿಗ್ಗಬೇಡಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್‌ಗೆ ನಿರ್ಬಂಧ ಬಂದ ಮೇಲೆ ಅಂಥವು ದಕ್ಷಿಣಕ್ಕೆ ಬರತೊಡಗಿದವು. ಎನ್‌ಒಸಿ, ಇಲ್ಲಿನ ಮರುನೋಂದಣಿ, ಜೀವಾವಧಿ ತೆರಿಗೆ ಸೇರಿಸಿದರೆ ಅಗ್ಗ ಎಲ್ಲಿ ಉಳಿಯುತ್ತದೆ? ಆದೋನಿ, ಗುಂತಕಲ್ ಕಡೆಯ ಆಂಧ್ರ ಗಾಡಿಗೂ ಇದೇ ಮಾತು. ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಆ ಹೆಸರು ತೆಗೆಸುವ ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು ಕೊಡಿ. ಗಾಡಿ ನಿಮ್ಮ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಅಂದೇ ಸಹಿ ಹಾಕಿಸಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ.

‘ಸಂಜೆ ಇನ್ನೊಬ್ರು ಬರ್ತಾರೆ, ಟೋಕನ್ ಹಾಕಿಬಿಡಿ’ ಅಂತ ಬ್ರೋಕರ್ ಅವಸರ ಮಾಡಿದರೆ, ಬರಲಿ ಬಿಡಿ.

ನನ್ನ ಆ ಕಾರನ್ನು ರಿಪೇರಿ ಮಾಡಿಸಿ ಸಿಂಧನೂರಿನ ಭಾವನಿಗೆ ಕೊಟ್ಟೆ. ಅವರು ಅಕ್ಕಿ ವ್ಯಾಪಾರಕ್ಕೆ ವಾರಕ್ಕೆ ನಾಲ್ಕು ದಿನ ರಾಯಚೂರಿಗೆ ಓಡಿಸುತ್ತಾರೆ. ಇಂಜೆಕ್ಟರ್ ಸುದ್ದಿ ಮತ್ತೆ ಬಂದಿಲ್ಲ. ನನ್ನ ಹತ್ತಿರ ಈಗ ಇರುವುದು ಪೆಟ್ರೋಲ್ ಗಾಡಿ, ಸಂತೆಗೆ ಹೋಗಿ ಬರೋಕೆ.