ಕಪ್ಪು ಬೋಟಿಗೆ ಅಚ್ಚ ಕಪ್ಪು ಬೇಡ

ಜಲಾಂತರ್ಗಾಮಿಯ ಮಾಡೆಲ್ ಅಂದರೆ ಒಂದು ಡಬ್ಬಿ ಕಪ್ಪು ಸ್ಪ್ರೇ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಾಲುವುದಿಲ್ಲ. ಅಚ್ಚ ಕಪ್ಪು ಹೊಡೆದರೆ ಮೈಮೇಲಿನ ಟೈಲ್‌ಗಳ ಗೆರೆ, ನೀರು ನುಗ್ಗುವ ಕಿಂಡಿ ಎಲ್ಲ ಅದರಲ್ಲೇ ಮುಳುಗಿಹೋಗುತ್ತವೆ.

ನಾನು ಮಾಡಿದ್ದು 1/144 ಅಳತೆಯ, ರಷ್ಯಾದ ಕಿಲೋ ಕ್ಲಾಸ್ ಜಲಾಂತರ್ಗಾಮಿ. ನಿಜವಾದದ್ದು ಸುಮಾರು 73 ಮೀಟರ್, ಮಾಡೆಲ್ ಅರ್ಧ ಮೀಟರ್. 1986ರಿಂದ 2000ದವರೆಗೆ ನಮ್ಮ ನೌಕಾಪಡೆಗೆ ಸೇರಿದ ಸಿಂಧುಘೋಷ್ ವರ್ಗದ 10 ಬೋಟುಗಳೂ ಇದೇ ಜಾತಿ. ಇದರ ಮೈತುಂಬ ಸೋನಾರ್ (ನೀರಿನಡಿ ಸದ್ದು ಬಿಟ್ಟು ಬೋಟು ಹುಡುಕುವ ಯಂತ್ರ) ಸದ್ದನ್ನು ಹೀರಿಕೊಳ್ಳುವ ರಬ್ಬರ್ ಟೈಲ್‌ಗಳಿವೆ. ರಬ್ಬರಿಗೆ ತುಕ್ಕು ಹಿಡಿಯುವುದಿಲ್ಲ ಅಲ್ವಾ? ಹಾಗಾಗಿ ಕಂಡಕಂಡಲ್ಲಿ ಕಿತ್ತಳೆ ಬಣ್ಣ ಇಳಿಸುವುದು ನನಗೆ ಒಪ್ಪುವುದಿಲ್ಲ.

ಡಾಕ್‌ಯಾರ್ಡ್ ಹತ್ತಿರ ಹೋಗಿ ನೋಡುವ ಹಾಗಿಲ್ಲ. ಆದರೆ ಮುಂಬೈಯಲ್ಲಿದ್ದು ಸಮುದ್ರದ ನೀರು ಬಣ್ಣವನ್ನು ಏನು ಮಾಡುತ್ತದೆ ಅಂತ ತಿಳಿಯಲು ಅದು ಬೇಕಾಗಿಯೂ ಇಲ್ಲ. ಇಲ್ಲಿನ ಭಾವುಚಾ ಧಕ್ಕಾ ಬಂದರುಕಟ್ಟೆಯಿಂದ ಆಚೆ ದಡದ ಮಾಂಡ್ವಾಗೆ ಫೆರಿಯಲ್ಲಿ ಹೋಗುವಾಗ ದಾರಿಯಲ್ಲಿ ನಿಂತಿರುವ ಟಗ್, ಬಾರ್ಜ್‌ಗಳನ್ನು ಗಮನಿಸಿ. ನೀರಿನ ಮಟ್ಟದಲ್ಲಿ ಹಸಿರು ಪಾಚಿಯ ಪಟ್ಟಿ, ಅದರ ಮೇಲೆ ಉಪ್ಪು ಒಣಗಿದ ಬೂದು ಬಿಳುಪು, ಕಿಂಡಿಗಳ ಕೆಳಗೆ ಮಾತ್ರ ಇಳಿದ ತುಕ್ಕಿನ ಕಲೆ, ಅದೂ ಮೇಲೆ ಗಾಢವಾಗಿ ಕೆಳಕ್ಕೆ ಬಂದಂತೆ ತೆಳುವಾಗಿ. ನಾನು ಪಾಚಿ, ಉಪ್ಪು ಎರಡನ್ನು ಜಾಸ್ತಿ ತೆಗೆದುಕೊಂಡೆ, ತುಕ್ಕನ್ನು ಕಿಂಡಿಯ ಅಂಚಿಗಷ್ಟೇ ಬಿಟ್ಟೆ.

ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ಹಲ್ (ಬೋಟಿನ ಹೊರಮೈ) ತೊಳೆದು, ಒಣಗಿಸಿ, ಪ್ರೈಮರ್. ನೀರಿನ ಗೆರೆ ಎಳೆಯಲು ಬೋಟನ್ನು ಸಮಮಟ್ಟವಾಗಿ ನಿಲ್ಲಿಸಿ, ಪುಸ್ತಕದ ಗುಡ್ಡೆಯ ಮೇಲೆ ಪೆನ್ಸಿಲ್ ಅಡ್ಡ ಇಟ್ಟು ಸುತ್ತ ಒಯ್ದರೆ ಆಯಿತು. ಕೆಳಗಿನ ಭಾಗಕ್ಕೆ ಕಂದುಗೆಂಪು ಹೊಡೆದೆ. ಹಡಗಿನ ತಳಕ್ಕೆ ಜೀವಿಗಳು ಅಂಟದಂತೆ ಬಳಿಯುವ ಪೇಂಟಿನಲ್ಲಿ ತಾಮ್ರದ ಆಕ್ಸೈಡ್ ಇರುತ್ತದೆ, ಆ ಬಣ್ಣ ಅದರದ್ದೇ.

ಮೇಲಿನ ಭಾಗವೇ ನಿಜವಾದ ಕೆಲಸ. ಕಪ್ಪಿಗೆ ಸ್ವಲ್ಪ ಬಿಳಿ, ಒಂದೆರಡು ಹನಿ ನೀಲಿ ಸೇರಿಸಿ ಗಾಢ ಬೂದು ಮಾಡಿಕೊಂಡು ಪೂರ್ತಿ ಹೊಡೆದೆ. ಆಮೇಲೆ ಟೇಪಿನಲ್ಲಿ ಒಂದೊಂದು ಟೈಲ್‌ನಷ್ಟೇ ಜಾಗ ಬಿಟ್ಟು, ಅದೇ ಬಣ್ಣವನ್ನು ಕೂದಲೆಳೆಯಷ್ಟು ತಿಳಿ ಅಥವಾ ಗಾಢ ಮಾಡಿ, ಅಲ್ಲಲ್ಲಿ ಸ್ಪ್ರೇ ಮಾಡುತ್ತಾ ಹೋದೆ. ಬೇಸರ ಬರಿಸುವ ಕೆಲಸ, ಆದರೆ ಹಳೆ ಟೈಲ್ ಬಿದ್ದು ಹೊಸದು ಕೂರಿಸಿದ ಹಾಗೆ ಕಾಣುವುದು ಇದರಿಂದಲೇ. ಒಂದೆರಡು ಕಡೆ ಟೈಲ್ ಕಿತ್ತುಹೋದ ಜಾಗ ಅಂತ ಮಾಸಲು ಕಂದು ತುಂಬಿದೆ, ಅಂಚಿಗೆ ತಿಳಿ ಬೂದಿನ ಸಣ್ಣ ಗೆರೆ ಕೊಟ್ಟೆ.

ಮಳೆಗಾಲದಲ್ಲಿ ಲ್ಯಾಕರ್ ಪೇಂಟ್ ಹೊಡೆಯಬೇಡಿ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಹಾಲಿನಂತೆ ಬೆಳ್ಳಗಾಗುತ್ತದೆ. ಮುಂಬೈ ಪಕ್ಕದ ಡೊಂಬಿವಲಿಯ ಜುಲೈ ಅಂತೂ ಇದಕ್ಕೆ ಹೇಳಿ ಮಾಡಿಸಿದ್ದು. ಸ್ಪ್ರೇಗೆ ಗಾಳಿ ಕೊಡುವ ಕಂಪ್ರೆಸರ್‌ಗೆ ನೀರು ಹಿಡಿಯುವ ಟ್ರ್ಯಾಪ್ ಯಾವ ಕಾಲದಲ್ಲೂ ಇರಲೇಬೇಕು.

ಹೊಳಪು ಕೊಡುವ ಅಕ್ರಿಲಿಕ್ ವಾರ್ನಿಷ್ ಪೂರ್ತಿ ಒಣಗಿದ ಮೇಲೆ ಆಯಿಲ್ ಕಲರ್. ಗಾಢ ಬಣ್ಣದ ಮೇಲೆ ಕಪ್ಪು ವಾಶ್ (ಗೆರೆಗಳಿಗೆ ಇಳಿಸುವ ನೀರಾದ ಬಣ್ಣ) ಕಾಣುವುದೇ ಇಲ್ಲ, ಗೆರೆಗಳಿಗೆ ತಿಳಿ ಬೂದು ಹಾಕಿ. ಕಿಂಡಿಯ ಕೆಳಗೆ ಸೂಜಿಮೊನೆಯಷ್ಟು ಬರ್ನ್ಟ್ ಅಂಬರ್ (ಗಾಢ ಕಂದು) ಇಟ್ಟು, ಸ್ವಲ್ಪ ಹೊತ್ತು ಬಿಟ್ಟು, ಚಪ್ಪಟೆ ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ತೇವ ಇದೆಯೋ ಇಲ್ಲವೋ ಅನ್ನುವಾಗ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆಯಿರಿ. ಪಾಚಿಗೆ ಸ್ಯಾಪ್ ಗ್ರೀನ್ ಜೊತೆ ಅದೇ ಅಂಬರ್. ಪಟ್ಟಿಯ ಕೆಳ ಅಂಚು ನೇರವಾಗಿರಲಿ, ಮೇಲಿನದು ಹರಿದ ಹಾಗಿರಲಿ.

ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್. ಇದು ಗಾಢ ಬಣ್ಣವನ್ನು ಇನ್ನಷ್ಟು ತಿಳಿ ಮಾಡುತ್ತದೆ, ಉಪ್ಪಿನ ಬಿಳುಪೂ ಬದಲಾಗಿ ಕಾಣುತ್ತದೆ. ಅದಕ್ಕೆ ನಾನು ಉಪ್ಪನ್ನು ಮ್ಯಾಟ್ ಆದ ಮೇಲೆಯೇ ಮಾಡುವುದು: ಬಿಳಿ ಚಾಕ್‌ಪೀಸ್ ಪುಡಿ, ಒಣ ಬ್ರಷ್, ಪಾಚಿಯ ಪಟ್ಟಿಗಿಂತ ಸ್ವಲ್ಪ ಮೇಲೆ. ಸೇಲ್ (ಬೋಟಿನ ಬೆನ್ನಮೇಲಿನ ಗೋಪುರ) ಬುಡದಲ್ಲಿ, ನೀರು ನಿಂತು ಆರುವ ಕಡೆ, ಇನ್ನೊಂದು ಚಿಟಿಕೆ.