ಎಲ್ಸ್‌ಗೆ ಬಂದರೆ ಕ್ಯೂಬಿಟ್ ಮಾಯ!

ಕ್ವಾಂಟಮ್ ಪ್ರೋಗ್ರಾಂಗಳಿಗೆಂದು ಪುಟ್ಟ ಭಾಷೆಯೊಂದನ್ನು ಕಟ್ಟುತ್ತಿದ್ದೇನೆ. ಅಪರಿಚಿತ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲಾಗದು ಎಂಬುದು 1982ರಲ್ಲೇ ಸಾಬೀತಾಗಿದೆ. ಹಾಗಾಗಿ ನನ್ನ ಭಾಷೆಯಲ್ಲಿ 'ಲೀನಿಯರ್ ಟೈಪ್' ಎಂಬ ನಿಯಮ: ಪ್ರತಿ ಕ್ಯೂಬಿಟ್ (ಕ್ವಾಂಟಮ್ ಮಾಹಿತಿಯ ಮೂಲ ಘಟಕ) ಹೆಸರಿಗೂ ಒಂದೇ ಬಳಕೆ; ಅಳೆಯುವುದೂ ಒಂದು ಬಳಕೆಯೇ. ಎರಡು ಬೇರೆ ಕ್ಯೂಬಿಟ್ ಬೇಕಾದ ಸಿನಾಟ್ ಕ್ರಿಯೆಗೆ ಒಂದನ್ನೇ ಎರಡು ಸಲ ಕೊಟ್ಟು 'ಸಿನಾಟ್(ಕ್ಯೂ, ಕ್ಯೂ)' ಎಂದು ಬರೆದರೆ, ನಿಯಮ ಪರೀಕ್ಷಿಸುವ ಚೆಕರ್ ತಕ್ಷಣ ಹಿಡಿಯುತ್ತಿತ್ತು.

ಎಡವಟ್ಟಾಗಿದ್ದು ಇಫ್-ಎಲ್ಸ್‌ನಲ್ಲಿ, ಅಂದರೆ ಷರತ್ತು ನೋಡಿ ಎರಡು ಕವಲಲ್ಲಿ ಒಂದು ಮಾತ್ರ ಓಡುವ ಕಡೆ. ಎರಡೂ ಕವಲಲ್ಲಿ ಕ್ಯೂ ಅನ್ನು ಅಳೆದಿದ್ದರೂ, ಎಲ್ಸ್‌ಗೆ ಬಂದಾಗ 'ಕ್ಯೂ ಆಗಲೇ ಬಳಕೆಯಾಗಿದೆ' ಎಂಬ ದೂರು. ಎರಡು ದಿನ ಪಾರ್ಸರ್ (ಕೋಡ್ ಓದಿ ಬಿಡಿಸುವ ಭಾಗ) ಮೇಲೆ ಸುಮ್ಮನೆ ಅನುಮಾನಪಟ್ಟೆ. ಆಮೇಲೆ ನೋಡಿದರೆ, ಇನ್ನೂ ಬಳಸದ ಕ್ಯೂಬಿಟ್‌ಗಳ ಒಂದೇ ಹೆಸರುಪಟ್ಟಿಯನ್ನು ಎರಡೂ ಕವಲಿಗೆ ಕೊಟ್ಟಿದ್ದೆ. ಇಫ್ ಅಳಿಸಿದ್ದು ಎಲ್ಸ್‌ಗೂ ಕಾಣೆಯಾಗುತ್ತಿತ್ತು.

ಈಗ ಪ್ರತಿ ಕವಲಿಗೂ ಪಟ್ಟಿಯ ಬೇರೆ ಪ್ರತಿ (ಕ್ಯೂಬಿಟ್ ನಕಲಾಗದು, ಅದರ ಹೆಸರು ಧಾರಾಳವಾಗಿ ಆಗುತ್ತದೆ!). ಕೊನೆಗೆ ಎರಡರಲ್ಲೂ ಉಳಿದ ಹೆಸರುಗಳು ಒಂದೇ ಇರಬೇಕು, ಇಲ್ಲದಿದ್ದರೆ ಎರರ್. ಈ ಹೋಲಿಕೆ ಸೇರಿಸಿದ್ದೇ ತಡ, ಒಂದು ಕವಲಲ್ಲಿ ಕ್ಯೂಬಿಟ್ ಅಳೆಯದೆ ಬಿಟ್ಟಿದ್ದ ನನ್ನದೇ ಹಳೇ ಟೆಸ್ಟ್ ಒಂದು ಸಿಕ್ಕಿಬಿತ್ತು.